ಏಳನೇ ಗಾಡಿ

ಬೇಡಪ್ಪ ಮೊದಲು ಕಂಡದ್ದು ಅವಳ ಬೂಟುಗಳನ್ನು. ತನ್ನ ಶೆಡ್ಡಿನಲ್ಲಿ ಒಂದು ವ್ಯಾನಿನ ಕೆಳಗೆ ಅಂಗಾತ ಮಲಗಿ ನಟ್ಟು ಬಿಚ್ಚುತ್ತಿದ್ದ. ಮೊಣಕಾಲಿನವರೆಗೆ ಬರುವ ಕಂದು ಬೂಟುಗಳು ಬಂದು ಅವನ ತಲೆಯ ಹತ್ತಿರ ನಿಂತವು. ಒಂದಕ್ಕೆ ಒಣಹುಲ್ಲಿನ ಎಸಳು ಅಂಟಿಕೊಂಡಿತ್ತು.

“ಗಾಡಿ ನೋಡಿ ಹೇಳೋರು ನೀವೇನಾ?”

“ಹೌದು ಮೇಡಂ. ಯಾವ ಗಾಡಿ?”

“ಇನ್ನೂ ಸಿಕ್ಕಿಲ್ಲ. ಸೆಕೆಂಡ್ ಹ್ಯಾಂಡ್ ಫೋರ್‌ವೀಲ್ ಜೀಪು ಬೇಕು. ದಿನಾ ಸ್ಕೂಲಿಗೆ ಹೋಗಿ ಬರಬೇಕು, ಬೇಕಾದಾಗ ಎರಡು ಕುದುರೆ ಎಳೀಬೇಕು.”

ಬೇಡಪ್ಪನ ಕೈ ನಿಂತಿತು. “ಕುದುರೆ ಗಾಡಿ ಎಳೆಯೋದು ಗೊತ್ತು. ಗಾಡಿ ಕುದುರೆ ಎಳೆಯೋದು ಇವತ್ತೇ ಕೇಳಿದ್ದು.”

ಬೂಟುಗಳು ಮಡಚಿಕೊಂಡವು. ವ್ಯಾನಿನ ಕೆಳಗೆ ಒಂದು ಮುಖ ಬಗ್ಗಿತು. ನಗಬೇಕೋ ಸಿಟ್ಟಾಗಬೇಕೋ ಎಂದು ಇನ್ನೂ ತೀರ್ಮಾನಿಸದ ಮುಖ.

“ಕುದುರೆ ಟ್ರೇಲರ್ ಒಳಗೆ ನಿಂತಿರುತ್ತೆ. ಟ್ರೇಲರ್ ಗಾಡಿ ಹಿಂದೆ ಇರುತ್ತೆ. ಬಿಡಿಸಿ ಹೇಳಬೇಕು ಅಂದ್ರೆ ಬೋರ್ಡು, ಚಾಕ್‌ಪೀಸು ತರ್ತೀನಿ. ನಾನು ಗಣಿತದ ಟೀಚರು.”

ಬೇಡಪ್ಪ ನಕ್ಕ. ನಕ್ಕ ರಭಸಕ್ಕೆ ಹಣೆ ವ್ಯಾನಿಗೆ ಬಡಿಯಿತು. ಆಗ ಅವಳೂ ನಗುವುದೆಂದು ತೀರ್ಮಾನಿಸಿದಳು.

ಬೇಡಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹಳೇ ಗಾಡಿ ಕೊಳ್ಳುವವರು ಮಾತು ಮುಗಿಸುವ ಮೊದಲು ಅವನನ್ನು ಕರೆದುಕೊಂಡು ಹೋಗಿ ತೋರಿಸುವುದು ವಾಡಿಕೆ, ಅವನು ಹತ್ತರಲ್ಲಿ ಒಂಬತ್ತಕ್ಕೆ ಬೇಡ ಅನ್ನುವುದೂ ವಾಡಿಕೆ. ಆದರೆ ಬರೀ ಬಾಯಲ್ಲಿ ಹೇಳಿ ಕೈ ತೊಳೆದುಕೊಳ್ಳುವವನಲ್ಲ. ಬಣ್ಣಕ್ಕೆ ಮನಸೋತವರ ಕಿವಿಗೆ ಬುದ್ಧಿಮಾತು ಇಳಿಯುವುದಿಲ್ಲ, ಕೈಗಾದರೆ ಇಳಿಯುತ್ತದೆ ಎಂದು ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟಿದ್ದ. ಅದಕ್ಕೇ ಗಿರಾಕಿಯ ಮಣಿಕಟ್ಟು ಹಿಡಿದು ದೋಷ ಎಲ್ಲಿದೆಯೋ ಅಲ್ಲಿಗೇ ಬೆರಳು ಮುಟ್ಟಿಸುತ್ತಿದ್ದ. ಬಣ್ಣದ ಕೆಳಗೆ ಪುಡಿಯಾಗುತ್ತಿರುವ ತುಕ್ಕು, ಬೆಸುಗೆ ಹಾಕಿ ಮುಚ್ಚಿದ ಚಾಸಿಯ ಬಿರುಕು, ಗೇರ್‌ಬಾಕ್ಸಿನ ತಳದಲ್ಲಿ ಜಿನುಗುವ ಆಯಿಲ್. ಮುಟ್ಟಿ ನೋಡಿದವರು ಆಮೇಲೆ ವಾದಿಸುತ್ತಿರಲಿಲ್ಲ. ಊರಿನಲ್ಲಿ ಅವನಿಗಿದ್ದ ಆಸ್ತಿ ಅಂದರೆ ಆ ನಂಬಿಕೆ ಒಂದೇ.

“ಗಾಡಿಗೂ ಬೇಡ, ಹೆಣ್ಣಿಗೂ ಬೇಡ,” ಎಂದು ಅವನ ಅಕ್ಕ ಆಗಾಗ ಹಂಗಿಸುವಳು. “ನಲವತ್ತು ತುಂಬ್ತು. ಇನ್ನು ಇವನನ್ನ ಬೇಕು ಅನ್ನೋರು ಯಾರು?” ಅಕ್ಕನ ಮನೆ ಶೆಡ್ಡಿನ ಹಿಂದೆಯೇ. ಊಟ ಹಾಕುವ ಹಕ್ಕಿನ ಮೇಲೆ ಏನು ಬೇಕಾದರೂ ಅನ್ನುತ್ತಿದ್ದಳು.

ಟೀಚರಿಗೆ ಅವಸರವಿತ್ತು. ಅವಳ ಕುದುರೆಗಳಿದ್ದ ಲಾಯದ ಜಾಗವನ್ನು ಎರಡು ತಿಂಗಳೊಳಗೆ ಬಿಟ್ಟುಕೊಡಬೇಕೆಂದು ಮಾಲೀಕ ಹೇಳಿಬಿಟ್ಟಿದ್ದ. ಬೆಟ್ಟದ ಮೇಲಿನ ಒಂದು ಶಾಲೆಯಲ್ಲಿ ಅವಳಿಗೆ ಹೊಸ ಕೆಲಸ ಸಿಕ್ಕಿತ್ತು, ಹುಲ್ಲುಗಾವಲಿಗೆ ಅಂಟಿಕೊಂಡ ಸಣ್ಣ ಮನೆಯೂ ಸಿಕ್ಕಿತ್ತು. ಮನೆಯಿಂದ ಶಾಲೆಗೆ ಹನ್ನೆರಡು ಕಿಲೋಮೀಟರು ಕಲ್ಲುದಾರಿ, ಸಾಧಾರಣ ಕಾರು ಹತ್ತುವಂಥದ್ದಲ್ಲ. ಕುದುರೆಗಳು ಎರಡು. ಒಂದು ಕೆಂಚ, ಆರು ವರ್ಷದ ತುಂಟ. ಇನ್ನೊಂದು ತೀರಿಹೋದ ಅವಳ ಅಪ್ಪ ಮರಿಯಿಂದ ಸಾಕಿದ ಬಿಳಿ ಹೆಣ್ಣು ಕುದುರೆ. ಇಪ್ಪತ್ತೆರಡು ವರ್ಷವಾಗಿದ್ದರಿಂದ ಎಲ್ಲರೂ ಅದನ್ನು ಅಜ್ಜಿ ಎಂದೇ ಕರೆಯುತ್ತಿದ್ದರು.

“ಅಜ್ಜಿಗೆ ಮುಂಗಾಲಿನ ಮಂಡಿ ಸರಿ ಇಲ್ಲ,” ಎಂದಳು ಟೀಚರ್, ಅವನನ್ನು ಲಾಯಕ್ಕೆ ಕರೆದೊಯ್ದು ಟ್ರೇಲರ್ ತೋರಿಸಿದ ದಿನ. “ಅಪ್ಪನ ಈ ಟ್ರೇಲರ್ ಆದ್ರೆ ತಾನಾಗೇ ಹತ್ತುತ್ತಾಳೆ. ನೆಲಕ್ಕೆ ಹತ್ರ ಇದೆ, ಎದೆಗೆ ಪಟ್ಟಿ ಇದೆ, ಒರಗಿಕೊಂಡು ನಿಲ್ತಾಳೆ. ಲಾರಿ ಕಂಡ್ರೆ ನಡುಗ್ತಾಳೆ. ಅದಕ್ಕೇ ಗಾಡಿ ಬೇಕು ಮೇಸ್ತ್ರಿ, ನನ್ನ ಶೋಕಿಗಲ್ಲ.”

ಇದನ್ನು ಅವನು ಎರಡೂ ಕಿವಿಯಿಂದ ಕೇಳಿಸಿಕೊಂಡಿದ್ದ. ಅಜ್ಜಿ ಬಂದು ಅವನ ಹೆಗಲ ಮೇಲೆ ಗದ್ದ ಊರಿ ಉಸಿರು ಬಿಟ್ಟದ್ದೂ ಅವತ್ತೇ. ಹಾಗಾಗಿ ಮುಂದೆ ನಡೆದದ್ದಕ್ಕೆ, ಪಾಪ ಅವನಿಗೆ ಗೊತ್ತಿರಲಿಲ್ಲ ಎಂದು ನಾವು ಅವನ ಪರ ವಹಿಸುವ ಹಾಗಿಲ್ಲ.

ಭಾನುವಾರಗಳು ಶುರುವಾದವು. ವಾರಕ್ಕೊಂದು ಗಾಡಿ, ಬಸ್ಸಿನಲ್ಲಿ ಅಕ್ಕಪಕ್ಕದ ಸೀಟು, ಹೋಗುವಾಗ ಗಾಡಿಯ ಮಾತು, ಬರುವಾಗ ಬೇರೆ ಮಾತು.

ಮೊದಲನೆಯದರ ಬಾನೆಟ್ ಮೇಲೆ ಅಂಗೈ ಇಟ್ಟವನೇ ತಲೆ ಆಡಿಸಿದ. ಅವಳ ಕೈಯನ್ನೂ ತೆಗೆದು ಅಲ್ಲಿಟ್ಟ. “ಬಿಸಿ ಇದೆ ನೋಡಿ. ತಣ್ಣಗಿದ್ರೆ ಸ್ಟಾರ್ಟ್ ಆಗಲ್ಲ, ಅದಕ್ಕೆ ನಾವು ಬರೋ ಮುಂಚೆನೇ ಓಡಿಸಿಟ್ಟಿದ್ದಾರೆ.”

“ಕುದುರೆ ಮಾರೋರೂ ಹೀಗೇ,” ಎಂದಳು ಅವಳು. “ಕುಂಟೋ ಕುದುರೇನ ಹತ್ತು ಸುತ್ತು ಓಡಿಸಿ ಮೈ ಬಿಸಿ ಮಾಡಿರ್ತಾರೆ. ಗಿರಾಕಿ ಎದುರಿಗೆ ಕುಂಟು ಕಾಣಲ್ಲ.”

ಮೂರನೇ ಗಾಡಿಯ ಹೊತ್ತಿಗೆ ಅವಳೂ ಗೋಣಿಚೀಲ ಹಾಸಿಕೊಂಡು ಅವನ ಪಕ್ಕದಲ್ಲಿ ಗಾಡಿಯ ಕೆಳಗೆ ಮಲಗಲು ಕಲಿತಿದ್ದಳು. ಎರಡು ಮುಖಗಳ ನಡುವೆ ಒಂದು ಗೇಣು. ಅವನು ಮಣಿಕಟ್ಟು ಹಿಡಿದು ಅವಳ ಬೆರಳನ್ನು ಕತ್ತಲೆಯೊಳಗೆ ನಡೆಸಿದ.

“ಇದಾ?”

“ಇನ್ನೂ ಸ್ವಲ್ಪ ಒಳಗೆ.”

“ಅಯ್ಯೋ, ಒದ್ದೆ.”

“ಅದೇ. ಇದು ಹೋಯ್ತು ಅಂತ ಅರ್ಥ.”

ಮೇಲಿನಿಂದ ಒಂದು ಹನಿ ಅವಳ ಕೆನ್ನೆಗೆ ಬಿತ್ತು. ಒರೆಸಲು ಕೈ ಎತ್ತಿದವನು ಅರ್ಧಕ್ಕೇ ನಿಲ್ಲಿಸಿದ. ಕಣ್ಣನ್ನು ಮಾತ್ರ ನಿಲ್ಲಿಸಲಾಗಲಿಲ್ಲ.

“ಏನು ನೋಡ್ತಿದೀರಿ?”

“ಆಯಿಲ್ ಸೀಲು.”

“ಆಯಿಲ್ ಸೀಲು ನನ್ನ ಕೆನ್ನೆ ಮೇಲಿದೆಯಾ?”

ಬೇಡಪ್ಪ ಆಚೆ ಕಡೆಯಿಂದ ತೆವಳಿ ಹೊರಗೆ ಬಂದ. ಅವಳು ಇನ್ನೂ ಕೆಳಗೇ ಮಲಗಿ ಒಬ್ಬಳೇ ನಗುತ್ತಿದ್ದದ್ದು ಕೇಳಿಸಿತು. ಆ ವಾರವೆಲ್ಲ ಅವನು ಸ್ಪ್ಯಾನರ್ ಇಟ್ಟ ಜಾಗ ಮರೆತ, ಉಣ್ಣುವುದು ಮರೆತ. ಅವಳೆಂದರೆ ಅವನಿಗೆ ಜೀವವಾಗಿತ್ತು. ಆದರೆ ಅವರ ಕೈಗಳು ಕೂಡುತ್ತಿದ್ದದ್ದು ಗಾಡಿಗಳ ದೋಷದ ಮೇಲೆ ಮಾತ್ರ. ಹಾಗಾಗಿ, ಹೇಳಲು ನಾಚಿಕೆಯಾಗಬೇಕು, ಅವನು ಪ್ರತಿ ಭಾನುವಾರ ದೋಷವೊಂದು ಇರಲಪ್ಪ ಎಂದು ಹಾರೈಸಿಕೊಂಡೇ ಹೋಗುತ್ತಿದ್ದ. ಆರು ಗಾಡಿಗಳು ಅವನನ್ನು ನಿರಾಸೆ ಮಾಡಲಿಲ್ಲ.

“ಗಾಡಿ ಕೆಳಗೆ ಮಲಗೋಕೆ ಇಸ್ತ್ರಿ ಶರ್ಟ್ ಯಾಕೋ?” ಎಂದಳು ಅಕ್ಕ.

“ಬೇರೆದು ಒಗೆಯೋಕೆ ಹಾಕಿದ್ದೆ.”

“ನನ್ನ ಹತ್ರ ಕಥೆ ಕಟ್ಟಬೇಡ. ಹೇಳಿಬಿಡೋ ಮಹರಾಯ. ಅವಳು ಬೆಟ್ಟ ಹತ್ತಿದ ಮೇಲೆ ಇಲ್ಲಿ ಕೂತು ಗೋಡೆಗೆ ಹೇಳ್ತೀಯಾ?”

ಹೇಳಬೇಕು ಎಂದುಕೊಂಡ. ಮುಂದಿನ ಭಾನುವಾರ ಹೇಳೋಣ ಎಂದುಕೊಂಡ. ಪುಕ್ಕಲರ ಪಂಚಾಂಗದಲ್ಲಿ ಮುಂದಿನ ಭಾನುವಾರ ಅಂದರೆ ಬಾರದೇ ಇರುವ ದಿನ.

ಏಳನೇ ಗಾಡಿ ಒಬ್ಬ ನಿವೃತ್ತ ಕಣ್ಣಿನ ಡಾಕ್ಟರದು. ಹಸಿರು ಬಣ್ಣ ಮಾಸಿದ, ಒಬ್ಬರೇ ಓಡಿಸಿದ ಜೀಪು. ಬಾನೆಟ್ ತಣ್ಣಗಿತ್ತು, ಒಂದೇ ಕೀಗೆ ಸ್ಟಾರ್ಟ್ ಆಯಿತು. ಚಾಸಿಯಲ್ಲಿ ತುಕ್ಕಿಲ್ಲ. ಫೋರ್‌ವೀಲಿನ ಗೇರು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಿತ್ತು. ಹಿಂದೆ ಟ್ರೇಲರ್ ಕೊಕ್ಕೆ ಕೂಡ ಇತ್ತು, ಡಾಕ್ಟರು ಒಂದು ಕಾಲದಲ್ಲಿ ದೋಣಿ ಎಳೆದೊಯ್ಯುತ್ತಿದ್ದರಂತೆ.

ಬೇಡಪ್ಪ ಜೀಪಿನ ಕೆಳಗೆ ಇಪ್ಪತ್ತು ನಿಮಿಷ ಮಲಗಿದ್ದ. ಹುಡುಕಿದ, ಮತ್ತೆ ಹುಡುಕಿದ. ಏನೂ ಇರಲಿಲ್ಲ. ಅಲ್ಲಿಂದ ಅವಳ ಬೂಟುಗಳು ಕಾಣುತ್ತಿದ್ದವು. ಅವಳು ಖುಷಿಯಲ್ಲಿ ತುದಿಗಾಲಿನ ಮೇಲೆ ಏಳುತ್ತಿದ್ದಳು, ಇಳಿಯುತ್ತಿದ್ದಳು. ಲಾಯ ಬಿಡಲು ಇನ್ನು ಹದಿನೈದೇ ದಿನ. ತಗೊಳ್ಳಿ ಎಂದರೆ ಮುಂದಿನ ಭಾನುವಾರ ಟ್ರೇಲರ್ ಸಿಕ್ಕಿಸಿಕೊಂಡು ಅವಳು ಹೊರಟುಹೋಗುತ್ತಾಳೆ. ಒಂದೇ ಒಂದು ಭಾನುವಾರ ಹೆಚ್ಚಿಗೆ ಸಿಕ್ಕರೆ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಹೊರಗೆ ಬಂದು ಬಟ್ಟೆಗೆ ಕೈ ಒರೆಸಿಕೊಂಡ.

“ಗೇರ್‌ಬಾಕ್ಸ್ ಒಳಗೆ ಒಂದು ಸದ್ದಿದೆ. ಕುದುರೆ ಭಾರ ತಡೆಯಲ್ಲ. ಬೇಡ.”

“ನನಗೆ ಯಾವತ್ತೂ ಕೇಳಿಸಿಲ್ವಲ್ರೀ,” ಎಂದರು ಡಾಕ್ಟರು.

“ನೀವು ಕಣ್ಣಿನ ಡಾಕ್ಟರು ಸರ್.”

ಡಾಕ್ಟರು ನಕ್ಕರು. ಟೀಚರ್ ನಗಲಿಲ್ಲ. ಬಟ್ಟೆ ಹಿಡಿದ ಅವನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು.

“ಬೇಡ್ವಾ?”

“ಬೇಡ.”

“ಸರಿ ಮೇಸ್ತ್ರಿ. ನೀವು ಹೇಳಿದ ಮೇಲೆ ಮುಗೀತು.”

ಬಸ್ ನಿಲ್ದಾಣದ ಹೋಟೆಲಿನಲ್ಲಿ ಟೀ ಕುಡಿದರು. ಅವಳು ಲೋಟದ ಅಂಚಿನ ಮೇಲೆ ಬೆರಳು ಸುತ್ತಿಸುತ್ತ, “ಇನ್ನೇನಾದ್ರೂ ಹೇಳೋದಿದೆಯಾ?” ಎಂದಳು.

ಇತ್ತು. ಅವನ ಮೈಯಲ್ಲಿ ಅದರ ಹೊರತು ಇನ್ನೇನೂ ಇರಲಿಲ್ಲ. ಆದರೂ ಅವನು, “ಮುಂದಿನ ವಾರ ಇನ್ನೊಂದು ನೋಡೋಣ,” ಎಂದ.

“ನೋಡೋಣ,” ಎಂದು ಅವಳು ಲೋಟದೊಳಗೆ ನಕ್ಕಳು.

ಮಾರನೇ ಬೆಳಿಗ್ಗೆ ಅವನು ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಯಾರಿಗೂ ಹೇಳದ ಸುಳ್ಳನ್ನು ಅವಳಿಗೆ ಹೇಳಿದ್ದ. ಡಾಕ್ಟರಿಗೆ ಫೋನು ಮಾಡಿದ. ನಿನ್ನೆ ಸಂಜೆಯೇ ಬೇರೆ ಯಾರೋ ತೆಗೆದುಕೊಂಡು ಹೋದರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಲಾದರೂ ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇನ್ನೊಂದು ಗಾಡಿ ಸಿಕ್ಕಿಯೇ ಸಿಗುತ್ತದೆ, ಸಿಕ್ಕ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನಂಬಲು ನೋಡಿದ.

ಸಿಗಲಿಲ್ಲ. ಎಂಟನೆಯದರ ಇಂಜಿನ್ನೇ ಒಡೆದಿತ್ತು. ಆ ಭಾನುವಾರ ಅವಳ ಮುಖದಲ್ಲಿ ನಗು ಇರಲಿಲ್ಲ, ಇವನೂ ಹೇಳಬೇಕಾದ್ದನ್ನು ಮತ್ತೆ ಮುಂದಕ್ಕೆ ಹಾಕಿದ. ಟ್ರೇಲರ್ ಎಳೆಯಲು ಒಂದು ದಿನದ ಮಟ್ಟಿಗೆ ಬೇರೆಯವರ ಗಾಡಿ ಕೇಳಿದರು. ಕುದುರೆ ಎಂದ ಕೂಡಲೇ ಎಲ್ಲರೂ ಕೈ ಎತ್ತಿದರು. ಗಡುವಿನ ದಿನ ಬಂತು, ಲಾಯದ ಮಾಲೀಕ ಬೇಲಿ ಕೀಳಿಸಲು ಜನರೊಂದಿಗೆ ಬಂದು ನಿಂತ. ಟೀಚರ್ ಲಾರಿ ಕರೆಸಿದಳು.

ಬೇಡಪ್ಪ ಬೆಳಿಗ್ಗೆಯೇ ಹೋಗಿದ್ದ. ದಪ್ಪ ಹಲಗೆಗಳನ್ನು ಇಳಿಜಾರಾಗಿ ಇಟ್ಟ, ಮೇಲೆ ಗೋಣಿ ಹಾಸಿ ಮೊಳೆ ಹೊಡೆದ, ಲಾರಿಯೊಳಗೆ ಮೊಣಕಾಲುದ್ದ ಹುಲ್ಲು ಹರಡಿದ. ಕೆಂಚ ಎರಡೇ ನೆಗೆತಕ್ಕೆ ಹತ್ತಿದ. ಅಜ್ಜಿ ಹಲಗೆಯ ಬುಡದಲ್ಲಿ ನಿಂತುಬಿಟ್ಟಳು. ಕಾಲು ಗಡಗಡ ನಡುಗುತ್ತಿತ್ತು. ಮೂಲೆಯಲ್ಲಿ ನಿಂತಿದ್ದ ಟ್ರೇಲರ್ ಕಡೆಗೆ ಕತ್ತು ತಿರುಗಿಸಿ ತಿರುಗಿಸಿ ನೋಡಿದಳು, ಅದಕ್ಕಾದರೆ ಹತ್ತುತ್ತೇನಲ್ಲ ಎನ್ನುವಂತೆ.

“ಬಾರೇ, ನನ್ನಮ್ಮ ಅಲ್ವಾ, ಬಾರೇ,” ಎಂದು ಟೀಚರ್ ಮುಂದಿನಿಂದ ಹಗ್ಗ ಹಿಡಿದು ಕರೆದಳು. ಬೇಡಪ್ಪ ಹಿಂದಿನಿಂದ ಹೆಗಲು ಕೊಟ್ಟ. ಅರ್ಧ ಗಂಟೆಯಾದ ಮೇಲೆ ಅಜ್ಜಿ ಸೋತು ಹತ್ತಿದಳು. ಅವಳನ್ನು ಆ ಲಾರಿಗೆ ಹತ್ತಿಸಿದ್ದು ಅವನ ಹೆಗಲೇ.

ಟೀಚರ್, ಬೇಡಪ್ಪ ಇಬ್ಬರೂ ಡ್ರೈವರನ ಪಕ್ಕ ಕೂತರು. ಬೆಟ್ಟದ ಬುಡದ ಮೂರನೇ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಲಾರಿಯವನು ಬ್ರೇಕ್ ಹಾಕಿದ. ಬೇರೆ ಏನೂ ಆಗಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ, ಹಿಂದಿನಿಂದ ಒಂದು ಸದ್ದು ಬಂತು ಅಷ್ಟೆ. ಒರಗಲು ಎದೆಗೆ ಪಟ್ಟಿಯಿಲ್ಲದೆ ಅಜ್ಜಿ ಮುಗ್ಗರಿಸಿದ್ದಳು. ಮುಂಗಾಲು ಮಂಡಿಯ ಕೆಳಗೆ ಎರಡಾಗಿತ್ತು.

ಪಶುವೈದ್ಯರು ಬರಲು ಎರಡು ತಾಸು ಹಿಡಿಯಿತು. ಅಷ್ಟು ಹೊತ್ತೂ ಟೀಚರ್ ಹುಲ್ಲಿನ ಮೇಲೆ ಕೂತು ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪ ಹೇಳುತ್ತಿದ್ದ ಯಾವುದೋ ಮಾತನ್ನು ಅದರ ಕಿವಿಯಲ್ಲಿ ಹೇಳುತ್ತಿದ್ದಳು. ವೈದ್ಯರು ನೋಡಿ, ಏನೂ ಮಾಡೋಕಾಗಲ್ಲಮ್ಮ ಎಂದರು. ಅಜ್ಜಿಯ ಕಣ್ಣು ಮುಚ್ಚಿಸುವ ಸೂಜಿ ಹಾಕಿದರು. ಬೇಡಪ್ಪ ಲಾರಿಯಿಂದ ಇಳಿದು ರಸ್ತೆಯಲ್ಲಿ ನಿಂತು ಕೆಂಚನ ಕೂಗು ಕೇಳುತ್ತಿದ್ದ. ಅಲ್ಲೇ ಅವಳ ಕಾಲಿಗೆ ಬಿದ್ದು ಹೇಳಿಬಿಡಬೇಕೆನಿಸಿತು. ಆದರೆ ಸತ್ಯ ಹೇಳಿ ತಾನು ಹಗುರಾಗುವ ಹೊತ್ತು ಅದಾಗಿರಲಿಲ್ಲ.

ಒಂದು ತಿಂಗಳ ಮೇಲೆ ಆ ಬೂಟುಗಳು ಮತ್ತೆ ಶೆಡ್ಡಿಗೆ ಬಂದವು. ಅವಳು ಇಳಿದುಹೋಗಿದ್ದಳು, ಕಣ್ಣಿನ ಕೆಳಗೆ ಕಪ್ಪು.

“ಒಂದು ಗಾಡಿ ಇದೆ. ಬಂದು ನೋಡ್ತೀರಾ? ಈಗ ಒಂದೇ ಕುದುರೆ, ಚಿಕ್ಕದಾದ್ರೂ ಸಾಕು. ಆ ಕಲ್ಲುದಾರೀಲಿ ಕೆಂಚನನ್ನ ಹತ್ತೋಕೆ ಧೈರ್ಯ ಇಲ್ಲ, ದಿನಾ ಸ್ಕೂಲಿಗೆ ನಡೆದೇ ಹೋಗ್ತಿದೀನಿ. ಹೊರಡೋ ಹೊತ್ತಿಗೆ ಇನ್ನೂ ಬೆಳಕು ಹರಿದಿರಲ್ಲ.”

ಗಾಡಿ ಒಂದು ನರ್ಸರಿಯಲ್ಲಿತ್ತು. ಸಸಿಗಳ ಕುಂಡಗಳ ನಡುವೆ ನಿಂತಿದ್ದ ಬೂದು ಬಣ್ಣದ ಫೋರ್‌ವೀಲ್. ಬೇಡಪ್ಪ ಎಂದೂ ನೋಡದಷ್ಟು ಹೊತ್ತು ನೋಡಿದ. ಚಕ್ರ ಬಿಚ್ಚಿ ನೋಡಿದ, ಏರಿನಲ್ಲಿ ಓಡಿಸಿ ನೋಡಿದ. ಕೊನೆಗೆ ಅವಳ ಮುಂದೆ ಬಂದು ನಿಂತ.

“ತಗೊಳ್ಳಿ. ಎಲ್ಲ ಸರಿಯಾಗಿದೆ.”

ನರ್ಸರಿಯ ಯಜಮಾನಿ ಕಾಗದಪತ್ರ ತರಲು ಒಳಗೆ ಹೋದರು. ಅವನು ಎಣ್ಣೆ ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ ಹೇಳಿದ.

“ಟೀಚರ್, ಡಾಕ್ಟರ ಗಾಡಿಯಲ್ಲಿ ಏನೂ ಇರಲಿಲ್ಲ. ನಾನು ಸುಳ್ಳು ಹೇಳಿದೆ. ನೀವು ಹೋಗಿಬಿಡ್ತೀರಿ ಅಂತ ಹೇಳಿದೆ. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ ಅನ್ನೋದನ್ನ ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲದೆ ಗಾಡಿ ಮೇಲೆ ಹಾಕಿದೆ. ಅಜ್ಜಿ ಹೋಗಿದ್ದು ನನ್ನಿಂದ.”

ಅವಳು ಬಯ್ಯಲಿ ಎಂದು ಕಾದ. ಅವಳು ಒಂದು ಕುಂಡದ ಒಣಗಿದ ಎಲೆ ಚಿವುಟಿದಳು.

“ಗೊತ್ತು.”

“ಯಾವಾಗ ಗೊತ್ತಾಯ್ತು?”

“ಆವತ್ತೇ. ಆರು ಗಾಡಿಗೂ ನನ್ನ ಕೈ ಹಿಡಿದು ದೋಷ ಮುಟ್ಟಿಸಿದ್ರಿ. ಡಾಕ್ಟರ ಗಾಡಿಗೆ ಬಟ್ಟೇಲಿ ಕೈ ಬಚ್ಚಿಟ್ಟುಕೊಂಡ್ರಿ. ನಾನು ದಡ್ಡಿ ಅಲ್ಲ ಮೇಸ್ತ್ರಿ.” ಅವಳು ಇನ್ನೊಂದು ಎಲೆ ಚಿವುಟಿದಳು. “ನೀವು ಯಾಕೆ ಸುಳ್ಳು ಹೇಳಿದ್ರಿ ಅನ್ನೋದೂ ಗೊತ್ತಾಯ್ತು. ನನಗೆಷ್ಟು ಖುಷಿಯಾಯ್ತು ಅಂತೀರಿ. ಇಲ್ಲ, ಆ ಗಾಡೀನೇ ತಗೋತೀನಿ ಅಂತ ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಟೀ ಕುಡಿಯುವಾಗ ಹೇಳ್ತಾರೆ ಅಂತ ಕಾದೆ. ಆಗದಿದ್ರೆ ಮುಂದಿನ ಭಾನುವಾರ ಹೇಳ್ತಾರೆ ಅಂದುಕೊಂಡೆ. ನನಗೂ ಇನ್ನೊಂದು ಭಾನುವಾರ ಬೇಕಾಗಿತ್ತು.”

ಬೇಡಪ್ಪ ತಲೆ ಎತ್ತಿದ. ಇಷ್ಟು ದಿನ ಕೇಳಲು ಹಂಬಲಿಸಿದ ಮಾತು ಇದೇ. ಅದು ಬಂದ ಬಗೆ ನೋಡಿದರೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಲು ಈ ಬಾರಿ ಅವನು ಕೈ ಎತ್ತಿದ, ಅವಳು ತಡೆಯಲಿಲ್ಲ, ಕೆನ್ನೆಯ ಮೇಲೆ ಎಣ್ಣೆಯ ಗುರುತು ಉಳಿಯಿತು.

“ನನ್ನನ್ನ ಕ್ಷಮಿಸ್ತೀರಾ?”

“ನಿಮ್ಮನ್ನ ಕ್ಷಮಿಸಿ ಆಗಿದೆ. ನನ್ನನ್ನ ಕ್ಷಮಿಸೋಕೆ ಆಗ್ತಿಲ್ಲ.”

“ನಾನೂ ಬರ್ತೀನಿ ಬೆಟ್ಟಕ್ಕೆ. ಶೆಡ್ಡು ಅಲ್ಲೂ ಹಾಕಬಹುದು.”

ಅವಳು ಅವನ ಕೈಯನ್ನು ಎರಡು ಕೈಯಲ್ಲಿ ಹಿಡಿದಳು. “ಬನ್ನಿ ಅನ್ನೋಕೆ ನನಗೆಷ್ಟು ಆಸೆ ಅಂತ ನಿಮಗೆ ಗೊತ್ತಿಲ್ಲ. ಆದ್ರೆ ಊಟಕ್ಕೆ ಕೂತಾಗೆಲ್ಲ ನೀವು ನನ್ನ ನೋಡ್ತೀರಿ, ನಾನು ನಿಮ್ಮ ನೋಡ್ತೀನಿ, ಇಬ್ಬರಿಗೂ ಅಜ್ಜಿ ಆ ಹಲಗೆ ಹತ್ರ ನಿಂತಿದ್ದೇ ಕಾಣುತ್ತೆ. ನಮ್ಮ ಸುಖಕ್ಕೆ ಅವಳ ಕಾಲು ಕೊಟ್ವಿ. ಅದರ ಮೇಲೆ ಮನೆ ಕಟ್ಟೋಕಾಗಲ್ಲ.”

ಆ ಹಲಗೆ ಅವನಿಗೂ ದಿನಾ ಕಾಣುತ್ತಿತ್ತು.

ಕಾಗದಪತ್ರ ಬಂತು, ಸಹಿಗಳಾದವು. ಹೊರಡುವ ಮೊದಲು ಅವಳು ಕೈಚೀಲದಿಂದ ಗಣಿತದ ಚೌಕುಳಿ ಹಾಳೆಯೊಂದನ್ನು ತೆಗೆದು ಅವನ ಮುಂದಿಟ್ಟಳು. “ಯಾವಾಗ ಏನು ನೋಡಿಕೊಳ್ಳಬೇಕು ಅಂತ ಬರೆದುಕೊಡಿ. ಅಲ್ಲಿ ಯಾರೂ ಇಲ್ಲ.”

ಬೇಡಪ್ಪ ಬಾನೆಟ್ ಮೇಲೆ ಹಾಳೆ ಹರಡಿಕೊಂಡು ಬರೆಯತೊಡಗಿದ. ಜೀವಮಾನದಲ್ಲಿ ಯಾರಿಗೂ ಕಾಗದ ಬರೆದವನಲ್ಲ. ಇಂಜಿನ್ ಆಯಿಲ್ ಯಾವಾಗ ಬದಲಾಯಿಸಬೇಕು, ಬ್ರೇಕ್ ಒತ್ತಿದಾಗ ಹೇಗೆ ಕೇಳಿಸಿದರೆ ಸರಿ, ಹೇಗೆ ಕೇಳಿಸಿದರೆ ಅಪಾಯ, ಕುದುರೆ ಹಿಂದಿರುವಾಗ ಇಳಿಜಾರಿನಲ್ಲಿ ಯಾವ ಗೇರು. ಬರೆಯುತ್ತ ಬರೆಯುತ್ತ ಕೊನೆಯ ಸಾಲಿಗೆ ಬಂದು ಪೆನ್ನು ನಿಂತಿತು. ಮುಂದಿನ ಚಕ್ರಗಳ ಒಳಗಿನ ಗ್ರೀಸು. ಕಲ್ಲುದಾರಿಯಲ್ಲಿ ಆರು ತಿಂಗಳಿಗೊಮ್ಮೆ ಅದನ್ನು ಬದಲಾಯಿಸದಿದ್ದರೆ ಗಾಡಿ ಗೊರಗೊರ ಅನ್ನುತ್ತದೆ. ತಕ್ಷಣಕ್ಕೆ ದೊಡ್ಡ ಅಪಾಯವೇನಲ್ಲ. ಆದರೆ ಗೊತ್ತಿಲ್ಲದವರು ಹೆದರಿ ಮೆಕ್ಯಾನಿಕ್ ಹುಡುಕಿಕೊಂಡು ಬರುತ್ತಾರೆ. ಈ ಒಂದು ಸಾಲು ಬಿಟ್ಟರೆ ಆರು ತಿಂಗಳಿಗೆ ಅವಳು ಬಂದೇ ಬರುತ್ತಾಳೆ.

ಅವಳು ಆಚೆ ತಿರುಗಿ ನಿಂತಿದ್ದಳು. ನೋಡುತ್ತಿರಲಿಲ್ಲ.

ಅವನು ಬರೆದ. ಚಕ್ರ ಬಿಚ್ಚುವುದು ಹೇಗೆ, ಎಷ್ಟು ಗ್ರೀಸು, ಯಾವ ಸ್ಪ್ಯಾನರು, ಎಲ್ಲವನ್ನೂ ಅವಳೊಬ್ಬಳೇ ಮಾಡಿಕೊಳ್ಳುವಂತೆ, ಪಕ್ಕದಲ್ಲಿ ಚಿತ್ರ ಸಮೇತ ಬರೆದ.

ಅವಳು ನಿಧಾನಕ್ಕೆ ಓದಿದಳು. “ಇಷ್ಟೂ ಮಾಡಿದ್ರೆ?”

“ಹದಿನೈದು ವರ್ಷ ಓಡುತ್ತೆ. ಯಾರ ಹತ್ರಾನೂ ತರಬೇಕಾಗಿಲ್ಲ.”

“ನಿಮ್ಮ ಹತ್ರಾನೂ.”

“ನನ್ನ ಹತ್ರಾನೂ ಬೇಕಾಗಿಲ್ಲ ಟೀಚರ್.”

ಅವಳು ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡಳು. ಗಾಡಿ ಗೇಟು ದಾಟಿ ಬೆಟ್ಟದ ಕಡೆಗೆ ತಿರುಗಿತು. ಬೇಡಪ್ಪ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತ. ಎಲ್ಲಾದರೂ ಒಂದು ಸಣ್ಣ ತಪ್ಪು ಕೇಳಿಸಬಹುದೇನೋ ಎಂದು ಕೊನೆಯವರೆಗೂ ಕೇಳಿದ. ಗಾಡಿ ಚೆನ್ನಾಗಿಯೇ ಓಡುತ್ತಿತ್ತು.